ಬೆಂಚಿನ ಮೇಲಿನ ಈಜು

ಶಾಲಿವಾಹನ ಶಕ ೨೦೯೮, ವೈಶಾಖ ಬಹುಳ ಪಂಚಮಿ

ಹಿರಿಯರಾದ ಮಹಾಂತಪ್ಪ ಅಂಗಡಿಯವರಿಗೆ,

ತಾರೀಖು ಕಂಡು ಗಾಬರಿಯಾಗಬೇಡಿ. ನಿಮಗಿಂತ ನೂರೈವತ್ತು ವರ್ಷ ಆಚೆಗಿನವಳು ನಾನು. ನನ್ನ ಮಾತು ಒರಟಾಗಿ ಕೇಳಿಸಿದರೆ ಕ್ಷಮಿಸಿ. ಕಳೆದ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಹಿಂದಂಚೆ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ ಕೊಡುತ್ತದೆ. ನನ್ನ ಹಾಳೆಯನ್ನು ನಿಮಗೆ ಬರೆಯುತ್ತಿದ್ದೇನೆ, ಪ್ರೀತಿಯಿಂದಲ್ಲ.

ನಾನು ಈ ಊರಿನ ಸಂದೇಹಿ. ಊರಿಗೆ ಯಾರೇ ದಾನ ಕೊಟ್ಟರೂ ಅದನ್ನು ಅನುಮಾನಿಸುವುದಕ್ಕೆಂದೇ ನಮ್ಮಲ್ಲಿ ಒಬ್ಬರನ್ನು ನೇಮಿಸುತ್ತಾರೆ. ಹಳೆಯ ದಾನಗಳೂ ತಪ್ಪಿಸಿಕೊಳ್ಳುವುದಿಲ್ಲ. ಈಗ ನಿಮ್ಮ ತಾಯಿ ನೀಲವ್ವನವರ ಸ್ಮಾರಕ ಭವನದ ಸರದಿ. ಆಕೆ ಪ್ರತಿ ಬೇಸಿಗೆಯಲ್ಲಿ ನಿಮ್ಮ ಹಿತ್ತಲ ಬಾವಿಯಲ್ಲಿ, ಎಲ್ಲ ಓಣಿಯ ಮಕ್ಕಳ ಬೆನ್ನಿಗೂ ಸೋರೆಬುರುಡೆ ಕಟ್ಟಿ, ಪುಕ್ಕಟೆ ಈಜು ಕಲಿಸುತ್ತಿದ್ದರೆಂದು ನೀವೇ ಕಲ್ಲಿನಲ್ಲಿ ಕೆತ್ತಿಸಿದ್ದೀರಿ. ಆ ಕಲ್ಲು ಬಾವಿಯ ಬಾಯಿಯ ಮೇಲೆಯೇ ಇದೆ. ಭವನವೂ ಅಲ್ಲಿಯೇ ಇದೆ.

ಇದೇ ಸಭಾಂಗಣದಲ್ಲಿ ವರ್ಷವರ್ಷವೂ ಈಜು ಶಿಬಿರ ನಡೆಯತಕ್ಕದ್ದು ಎಂದು ದಾನಪತ್ರದಲ್ಲಿ ಬರೆಸಿದಿರಿ. ನಡೆಯುತ್ತಿದೆ. ಮಕ್ಕಳು ಬೆಂಚುಗಳ ಮೇಲೆ ಬೋರಲು ಮಲಗಿ, ಬುರುಡೆ ಕಟ್ಟಿಕೊಂಡು, ಸೀಟಿಗೆ ತಕ್ಕಂತೆ ಕೈಕಾಲು ಬಡಿಯುತ್ತಾರೆ. ಮುಗಿದ ಮೇಲೆ ಒಣಗಿದ ತಲೆಯನ್ನೇ ಟವೆಲಿನಿಂದ ಒರೆಸಿಕೊಳ್ಳುತ್ತಾರೆ. ಯಾಕೆಂದು ಕೇಳಿದರೆ ಮಾಸ್ತರರು, "ಮೊದಲಿಂದ ಹಂಗ ಐತ್ರಿ" ಅನ್ನುತ್ತಾರೆ. ಅವರಿಗೂ ಈಜು ಬಾರದು. ಕೊನೆಯ ದಿನ ಎಲ್ಲರಿಗೂ ಪ್ರಮಾಣಪತ್ರ ಮತ್ತು ಪೇಢೆ.

ಇಷ್ಟು ದಿನ ಇದು ನಗೆಯ ಮಾತಾಗಿತ್ತು, ಹೊಳೆ ಬತ್ತಿತ್ತಲ್ಲ. ಎರಡು ವರ್ಷದಿಂದ ಭಾದ್ರಪದದಲ್ಲಿ ಅದು ಓಣಿಗಳಿಗೆ ನುಗ್ಗುತ್ತಿದೆ, ಮರುನೀರು ಅನ್ನುತ್ತೇವೆ. ಹೋದ ವರ್ಷ ಪ್ರಮಾಣಪತ್ರ ಪಡೆದ ಇಬ್ಬರು ಮಕ್ಕಳು ಧೈರ್ಯವಾಗಿ ಇಳಿದರು. ಮತ್ತೆ ಮೇಲೆ ಬರಲಿಲ್ಲ.

ಭವನದ ನಕ್ಷೆ ತರಿಸಿ ನೋಡಿದೆ. ಸುತ್ತಲೂ ಎರಡು ಎಕರೆ ಬಯಲು. ಅಷ್ಟನ್ನೂ ಬಿಟ್ಟು ಅಡಿಪಾಯ ಬಾವಿಯ ಮೇಲೆಯೇ ಏಕೆ? ನಕ್ಷೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲಿದೆ: "ಎಲ್ಲಾ ಓಣ್ಯಾವರು ಮೈ ತೊಳೆದ ನೀರು ಇನ್ನ ಸಾಕು." ಅಕ್ಷರ ನಿಮ್ಮದೋ ನಿಮ್ಮ ತಂಗಿಯದೋ ತಿಳಿಯದು. ತಾಯಿ ಬದುಕಿರುವಾಗ ಆಡಲಾಗದ ಮಾತನ್ನು ಆಕೆಯ ಹೆಸರಿನಲ್ಲೇ ಕಟ್ಟಿ ಮುಗಿಸಿದಿರಿ ಎಂಬುದು ನನ್ನ ಅನುಮಾನ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಊರು ನಿಮಗೆ ಶಾಲು ಹೊದಿಸಿತು.

ಈಗ ಬಾವಿ ತೆರೆಯೋಣವೆಂದರೆ ಅದರ ಸೆಲೆ ಸತ್ತಿದೆ. ಕಲಿಸಬಲ್ಲವರೂ ಯಾರೂ ಉಳಿದಿಲ್ಲ.

ನನ್ನ ಮೊಮ್ಮಗಳು ಶಿವಲೀಲಾಗೆ ಎಂಟು ವರ್ಷ. ಈ ಸಲದ ಶಿಬಿರದಲ್ಲಿ ಅವಳಿಗೇ ಮೊದಲ ಬಹುಮಾನ. ನಿನ್ನೆ ಪೇಢೆ ತಿನ್ನುತ್ತಾ, "ಆಯಿ, ನೀ ಅಂಜಬ್ಯಾಡ. ನೀರು ಬಂದ್ರ ನಿನ್ನ ನಾನ ದಾಟಸ್ತೀನಿ" ಅಂದಳು. ಬೆಂಚಿನ ಮೇಲೆ ಕಲಿತದ್ದು ಈಜಲ್ಲ ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ, ಪ್ರಮಾಣಪತ್ರ ತೋರಿಸುತ್ತಾಳೆ. ಭಾದ್ರಪದಕ್ಕೆ ಮೂರೂವರೆ ತಿಂಗಳೂ ಉಳಿದಿಲ್ಲ.

ಈ ಕಾಗದ ನಿಮ್ಮ ಭೂಮಿಪೂಜೆಯ ಹಿಂದಿನ ದಿನ ತಲುಪಬೇಕು. ನಾನು ಆಗಿಹೋದದ್ದೆಂದು ಬರೆದದ್ದೆಲ್ಲ ನಿಮಗೆ ಇನ್ನು ಆಗಬೇಕಾದದ್ದು. ಅನುಮಾನ ಸುಳ್ಳಾದರೆ ನನ್ನನ್ನು ಬಯ್ಯಿರಿ. ನಿಜವಾದರೂ ಒಪ್ಪಿಕೊಳ್ಳುವುದು ಬೇಡ, ಅಡಿಪಾಯಕ್ಕೆ ಎಳೆದ ಸುಣ್ಣದ ಗೆರೆಯನ್ನು ಇಪ್ಪತ್ತು ಹೆಜ್ಜೆ ಪೂರ್ವಕ್ಕೆ ಸರಿಸಿದರೆ ಸಾಕು. ಪರರ ಮಕ್ಕಳೆಂದು ಕೈ ತಡೆಯಬೇಡಿ. ಆ ಕಲ್ಲಿಗೆ ಐವತ್ತು ವರ್ಷ ಹಾರ ಹಾಕಿದವಳು ನಾನು, ಕೆಳಗೇನಿದೆ ಎಂದು ಒಮ್ಮೆಯೂ ಕೇಳಿದವಳಲ್ಲ.

ಈಜು ಬಾರದ, ನಿಮ್ಮದೇ ವಂಶದ,
ಮುಕ್ತಾ ಅಂಗಡಿ