ನಾಲ್ಕು ದಿನದ ಹಿಟ್ಟು

ಜಮಖಂಡಿ, ಹಿಂದೋಲೆ ಕಚೇರಿ
ಕ್ರಿಸ್ತಶಕ 2187, ಫೆಬ್ರವರಿ ಮೂವತ್ತು

ಹಿರಿಯರಿಗೆ ನೀಲಗಂಗಾ ತೇರದಾಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನೀವು ನಕ್ಕಿರಬಹುದು. ನಿಮ್ಮ ಫೆಬ್ರವರಿ ಇಪ್ಪತ್ತೆಂಟಕ್ಕೋ ಇಪ್ಪತ್ತೊಂಬತ್ತಕ್ಕೋ ಮುಗಿಯುತ್ತಿತ್ತೆಂದು ಶಾಲೆಯಲ್ಲಿ ಓದಿದ್ದೇನೆ. ನನ್ನ ಅಜ್ಜಿಯ ಕಾಲದಲ್ಲಿ ಪಂಚಾಂಗ ತಿದ್ದಿ ಅದಕ್ಕೂ ಮೂವತ್ತು ದಿನ ಕೊಟ್ಟರು. ನನ್ನ ಮಾತುಗಳಲ್ಲಿಯೂ ನಿಮಗೆ ಹೊಂದದವು ಬರಬಹುದು, ಕ್ಷಮಿಸಿ. ಹಿಂದೋಲೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಅರವತ್ತು ತುಂಬಿದವರಿಗೆ ಇಂಥ ಒಂದೇ ಓಲೆ ಬರೆಯುವ ಹಕ್ಕಿದೆ. ಅದು ಯಾರ ಕೈ ಸೇರುವುದೋ ನಮಗೆ ತಿಳಿಯುವುದಿಲ್ಲ. ನನ್ನ ನೆರೆಮನೆಯವರು ಕಳೆದ ವರ್ಷ ತಮ್ಮ ಓಲೆಯಲ್ಲಿ ಒಂದು ಉಪ್ಪಿನಕಾಯಿ ಮಾಡುವ ಬಗೆ ಕೇಳಿದರು. ನಾನು ಹಿಟ್ಟಿನ ವಿಷಯ ಬರೆಯುತ್ತೇನೆ, ಏಕೆಂದರೆ ಬದುಕಿಡೀ ನಾನು ಮಾಡಿದ್ದು ಅದೊಂದೇ ಕೆಲಸ.

ನಾನು ಸೈನ್ಯದ ಪೂರೈಕೆ ಪಡೆಯಲ್ಲಿದ್ದೆ. ನಮ್ಮ ಪಡೆಗೆ ಮೂರು ಕಣಜಗಳು. ದೇಶದ ಕರಾವಳಿಯಲ್ಲಿ, ಹಡಗು ಮತ್ತು ಕಾರ್ಖಾನೆಗಳ ಹತ್ತಿರ ಇರುವುದು ಮೂಲಕಣಜ. ಯುದ್ಧ ಮಾಡಬೇಕೋ ಬೇಡವೋ, ಎಷ್ಟು ತಿಂಗಳು ಮಾಡಬಹುದು ಎಂದು ನಿರ್ಧರಿಸುವವರು ಅದನ್ನು ನೋಡಿ ನಿರ್ಧರಿಸುತ್ತಾರೆ. ಯುದ್ಧ ನಡೆಯುವ ಸೀಮೆಯಲ್ಲಿರುವುದು ನಡುಕಣಜ. ಯಾವ ದಂಡು ಎತ್ತ ಹೋಗಬೇಕೆಂಬುದು ಅದರ ಮೇಲೆ ನಿಂತಿರುತ್ತದೆ. ಕೊನೆಯದು ತುದಿಕಣಜ. ಹೆಸರು ದೊಡ್ಡದು, ನೋಡಿದರೆ ಬಂಡೆಯ ಮರೆಯಲ್ಲಿ ಒಂದು ಟಾರ್ಪಾಲು, ಅದರಡಿ ಹತ್ತಿಪ್ಪತ್ತು ಚೀಲ. ಬಂದೂಕು ಹಿಡಿದವರು ಉಣ್ಣುವುದು ಅಲ್ಲಿಂದ. ನಮ್ಮ ಸೈನಿಕರ ಊಟವೆಂದರೆ ಗಟ್ಟಿಹಿಟ್ಟು: ಸಜ್ಜೆ, ಶೇಂಗಾ, ಬೆಲ್ಲ ಕೂಡಿಸಿ ಇಟ್ಟಿಗೆಯಂತೆ ಒತ್ತಿದ್ದು, ಬಿಸಿನೀರಿಗೆ ಹಾಕಿದರೆ ಒಂದು ಬೋಗುಣಿ ಅಂಬಲಿಯಾಗುತ್ತದೆ. ಅದರ ಜೊತೆಗೆ ಕಾವುಗಟ್ಟಿ, ಅಂದರೆ ಎಂಟು ಜನ ಮಲಗುವ ಡೇರೆಯನ್ನು ಒಂದು ದಿನ ಬೆಚ್ಚಗಿಡುವ ಇಂಧನದ ತುಂಡು. ಬಯಲಿನಲ್ಲಿ ಇವನ್ನು ಆರು ಕಾಲಿನ ಯಂತ್ರಗಳು ಹೊರುತ್ತವೆ. ಎತ್ತರದ ಹಿಮದಲ್ಲಿ ಅವುಗಳ ಕೀಲು ಹಿಡಿದುಕೊಳ್ಳುತ್ತದೆ. ಹಾಗಾಗಿ ಅಲ್ಲಿ ನಿಮ್ಮ ಕಾಲದಲ್ಲಿದ್ದಂತೆಯೇ ಹೇಸರಗತ್ತೆಗಳು.

ಇಪ್ಪತ್ತೊಂಬತ್ತು ವರ್ಷಗಳ ಹಿಂದೆ, ಕೊರಕು ಕಣಿವೆಯ ಯುದ್ಧದಲ್ಲಿ ನಾನು ನಡುಕಣಜದ ಕ್ಯಾಪ್ಟನ್ ಆಗಿದ್ದೆ. ಕಣಿವೆಯ ಮೇಲ್ತುದಿಯ ಠಾಣೆಯಲ್ಲಿ ನಮ್ಮವರು ಇನ್ನೂರ ಹದಿನಾಲ್ಕು ಜನ. ಎದುರು ಬೆಟ್ಟದ ಠಾಣೆಯಲ್ಲಿ ಎದುರು ಪಡೆಯವರು ಹೆಚ್ಚುಕಡಿಮೆ ಅಷ್ಟೇ ಜನ. ಚಳಿಗಾಲಕ್ಕೆ ಮುಂಚೆ ದೊಡ್ಡ ದಾಳಿ ಮಾಡಬೇಕೆಂದು ರಾಜಧಾನಿಯಲ್ಲಿ ತೀರ್ಮಾನವಾಯಿತು. ಹದಿನೈದು ದಿನ ಎಲ್ಲ ಹೇರುಗಳಲ್ಲಿ ಫಿರಂಗಿ ಗುಂಡು ಮಾತ್ರ ಹೋಗಬೇಕು, ಹಿಟ್ಟು ಆಮೇಲೆ ಎಂದು ಆದೇಶ ಬಂತು. ಮೂಲಕಣಜದಲ್ಲಿ ಮೂರು ವರ್ಷಕ್ಕಾಗುವಷ್ಟು ಧಾನ್ಯವಿತ್ತು. ಅಲ್ಲಿ ಕೂತವರಿಗೆ ಹದಿನೈದು ದಿನ ಒಂದು ಲೆಕ್ಕವೇ ಅಲ್ಲ.

ನಮ್ಮ ಹೇಸರಗತ್ತೆಗಳ ಹವಾಲ್ದಾರ ಇಮಾಮಸಾಬ ನದಾಫ. ಗದಗದ ಕಡೆಯವರು, ಐವತ್ತರ ಹತ್ತಿರ ವಯಸ್ಸು. ಆ ದಾರಿಯ ಒಂದೊಂದು ಕಲ್ಲೂ ಅವರಿಗೆ ಗೊತ್ತು. ಆದೇಶದ ಕಾಗದ ಹಿಡಿದು ನಾನು ಹೇರು ಕಟ್ಟಿಸುವಾಗ ಅವರು ಹತ್ತಿರ ಬಂದರು.

"ಅಕ್ಕಾರ, ಗುಂಡು ತಿಂದ್ರ ಹೊಟ್ಟಿ ತುಂಬತೈತೇನ್ರೀ? ಮೂರು ಹೇರಿಗೆ ಒಂದರ ಹಿಟ್ಟಿಂದು ಹಾಕೂಣು. ಈ ಗುಡ್ಡ ನಂಬಬ್ಯಾಡ್ರಿ."

"ಆದೇಶ ಮೇಲಿಂದ ಬಂದೈತಿ, ಇಮಾಮಸಾಬ."

"ಮೇಲಿನವರು ಗುಡ್ಡ ಏರಿಲ್ಲಲ್ರಿ," ಎಂದರು ಅವರು. ನಾನು ಸಹಿ ಮಾಡಿದೆ. ಆ ಸಹಿ ನನ್ನದೇ. ಮೇಲಿನವರು ಹೇಳಿದರು ಎಂದು ಈಗ ನಿಮ್ಮ ಮುಂದೆ ನುಣುಚಿಕೊಳ್ಳುವುದಿಲ್ಲ.

ಹದಿನಾರನೆಯ ದಿನ ಬೆಳಗ್ಗೆ ಗುಡ್ಡ ಜರಿಯಿತು. ನಡುಕಣಜದಿಂದ ಠಾಣೆಗೆ ಹೋಗುವ ದಾರಿಯ ಒಂದೂವರೆ ಮೈಲಿ ಕೊಳ್ಳಕ್ಕೆ ಬಿತ್ತು. ಮೋಡ ಇಳಿದು ನಿಂತಿದ್ದರಿಂದ ಹಾರುವ ಯಾವುದೂ ಆ ಕಣಿವೆಗೆ ಹೋಗುವಂತಿರಲಿಲ್ಲ. ಮೇಲಿನ ಠಾಣೆಯಿಂದ ಬಂದ ಸಂದೇಶ ಚಿಕ್ಕದು: ಗುಂಡು ತೊಂಬತ್ತು ದಿನಕ್ಕಿದೆ, ಹಿಟ್ಟು ಆರು ದಿನಕ್ಕೆ, ಕಾವುಗಟ್ಟಿ ಮೂರು ದಿನಕ್ಕೆ.

ಎರಡು ದಿನ ನಾವು ಬೇರೆ ದಾರಿ ಹುಡುಕಿದೆವು. ಇದ್ದದ್ದು ಒಂದೇ, ಅಲ್ಲಲ್ಲಿ ಕುಸಿದಿದ್ದ ಕುರಿಗಾಹಿಗಳ ಹಳೆಯ ಕಾಲುದಾರಿ. ಅದು ಎದುರು ಬೆಟ್ಟದ ಮೈಮೇಲೆ ಹತ್ತಿ, ಎದುರು ಪಡೆಯ ಠಾಣೆಯನ್ನು ಬಳಸಿ, ನಮ್ಮ ಠಾಣೆಯ ಹಿಂಬದಿಗೆ ಇಳಿಯುತ್ತಿತ್ತು. ಅದನ್ನು ಗೆದ್ದುಕೊಳ್ಳಲು ಒಂದು ತಿಂಗಳು ಬೇಕು. ಆಗ ನಾನು ಹಳೆಯ ಕಾವಲು ವರದಿಗಳನ್ನು ಮತ್ತೆ ಓದಿದೆ. ಕಾವಲಿನವರು ಎದುರಿನವರ ಫಿರಂಗಿ ಎಣಿಸುತ್ತಾರೆ, ನಾನು ಒಲೆಯ ಹೊಗೆ ಎಣಿಸಿದೆ. ಹತ್ತು ದಿನದ ಹಿಂದೆ ಎದುರು ಠಾಣೆಯಲ್ಲಿ ದಿನಕ್ಕೆ ಮೂರು ಹೊತ್ತು ಹೊಗೆ ಏಳುತ್ತಿತ್ತು. ಆಮೇಲೆ ಎರಡು ಹೊತ್ತು. ಈಗ ಒಂದು. ಅವರ ಹೇರಿನ ಕುದುರೆಗಳು ಮೂವತ್ತಿದ್ದದ್ದು ಹನ್ನೊಂದಕ್ಕೆ ಇಳಿದಿದ್ದವು, ಆದರೆ ಕುದುರೆಗಳು ಕಣಿವೆ ಇಳಿದು ಹೋದದ್ದನ್ನು ಯಾರೂ ನೋಡಿರಲಿಲ್ಲ. ಅಂದರೆ ತಿನ್ನುತ್ತಿದ್ದರು. ಅವರ ಠಾಣೆಗೆ ಹಿಂದಿನಿಂದ ಊಟ ಬರುವ ಸೇತುವೆಯೂ ಕುಸಿದು ಹೋಗಿದೆ ಎಂದು ನನಗೆ ಖಚಿತವಾಯಿತು.

ನಡುಕಣಜದ ಮುಖ್ಯಸ್ಥೆ ಬ್ರಿಗೇಡಿಯರ್ ದೇಚಮ್ಮ ಕೊಡಗಿನವರು, ಮಾತು ಕಡಿಮೆ. ನಾನು ನಕ್ಷೆ ಹರಡಿ ಹೇಳಿದೆ: ದಾರಿ ಅವರದ್ದಿದೆ, ಹಿಟ್ಟು ನಮ್ಮದಿದೆ. ಎರಡೂ ಠಾಣೆಗೆ ಸಾಕಾಗುವಷ್ಟು ನಾವು, ಕಾಲುದಾರಿ ಅವರ ಠಾಣೆಯತ್ತ ಒಡೆಯುವ ಕವಲಿನ ತನಕ ಮುಟ್ಟಿಸಬಹುದು. ಅಲ್ಲಿಂದ ಅವರು ದಾರಿ ಬಿಡಬೇಕು.

"ಶತ್ರುವಿಗೆ ಹಿಟ್ಟು ಕೊಡೋದಕ್ಕೆ ಕಾನೂನಲ್ಲಿ ಏನಂತಾರೆ ಗೊತ್ತಲ್ಲ ನಿನಗೆ?" ಎಂದರು.

"ಗೊತ್ತು ಮೇಡಂ. ಕೊಡದಿದ್ದರೆ ಇನ್ನೂರ ಹದಿನಾಲ್ಕು ಮನೆಗೆ ಏನಂತ ಬರೆಯೋದು, ಅದು ಗೊತ್ತಿಲ್ಲ."

ಅವರು ರಾಜಧಾನಿಗೆ ಸಂದೇಶ ಕಳಿಸಿದರು. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಮಧ್ಯಾಹ್ನದವರೆಗೆ ಕಾದು, ಪೆನ್ನು ತೆಗೆದು, ನನ್ನ ಕೈಗೆ ಒಂದು ಸಾಲಿನ ಆದೇಶ ಬರೆದುಕೊಟ್ಟರು. "ನನ್ನ ಹೆಸರಲ್ಲಿ ಹೋಗು. ಬಂದೂಕು ತಗೊಂಡು ಹೋಗ್ಬೇಡ."

ನಾನು, ಇಮಾಮಸಾಬ, ಒಂದು ಹೇಸರಗತ್ತೆ, ಅದರ ಮೇಲೆ ನಾಲ್ಕು ಚೀಲ, ಒಂದು ಕೋಲಿಗೆ ಕಟ್ಟಿದ ಬಿಳಿ ದುಪ್ಪಟಿ. ಕವಲು ಮುಟ್ಟುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಬೆನ್ನಿಗೂ ಎದೆಗೂ ಎರಡು ಕಡೆಯ ಬಂದೂಕುಗಳು ಗುರಿಯಿಟ್ಟಿದ್ದವು. ನಾನು ಹೆಜ್ಜೆ ಎಣಿಸುತ್ತ ನಡೆದೆ. ಇಮಾಮಸಾಬರು ಮಾತ್ರ ದಾರಿಯುದ್ದಕ್ಕೂ ಹೇಸರಗತ್ತೆಯ ಜೊತೆ ಮಾತಾಡುತ್ತ ಬಂದರು. ಎದುರಿನಿಂದ ಇಬ್ಬರು ಇಳಿದು ಬಂದರು. ಮುಂದಿದ್ದಾತ ಅವರ ಪೂರೈಕೆ ಅಧಿಕಾರಿ, ಹೆಸರು ಯೆರ್ಲಾನ್. ಕೋಟು ಆತನ ಮೈಮೇಲೆ ಗೂಟಕ್ಕೆ ತೂಗುಹಾಕಿದಂತೆ ಇತ್ತು. ನಮ್ಮ ಕೊರಳಪಟ್ಟಿಯಲ್ಲಿ ನುಡಿಬಿಲ್ಲೆ ಇತ್ತು. ಒಬ್ಬರ ಭಾಷೆಯನ್ನು ಇನ್ನೊಬ್ಬರಿಗೆ ತಿಳಿಸುವ ಸಣ್ಣ ಬಿಲ್ಲೆ ಅದು.

ಸೈನ್ಯದಲ್ಲಿ ಎಲ್ಲಕ್ಕಿಂತ ದೊಡ್ಡ ಗುಟ್ಟು ಫಿರಂಗಿಯ ಸಂಖ್ಯೆಯಲ್ಲ, ಊಟ ಎಷ್ಟು ದಿನಕ್ಕಿದೆ ಎಂಬುದು. ಅದನ್ನು ಬಾಯಿಬಿಟ್ಟರೆ ಸೆರೆಮನೆ. ನಾನು ಏನೇನೋ ಮಾತು ಹೊಂದಿಸಿಕೊಂಡು ಹೋಗಿದ್ದೆ. ಆತನ ಕೆನ್ನೆಯ ಮೂಳೆ ನೋಡಿದ ಮೇಲೆ ಯಾವುದೂ ನಾಲಗೆಗೆ ಬರಲಿಲ್ಲ.

"ನಮ್ಮ ಠಾಣೆಯಲ್ಲಿ ನಾಲ್ಕು ದಿನದ ಹಿಟ್ಟಿದೆ," ಎಂದೆ.

ಜೊತೆಗಿದ್ದವನು ಏನೋ ಪಿಸುಗುಟ್ಟಿದ, ಯೆರ್ಲಾನ್ ಕೈಯೆತ್ತಿ ತಡೆದ. ಆಮೇಲೆ ಬಿಲ್ಲೆ ಸಣ್ಣ ದನಿಯಲ್ಲಿ ಹೇಳಿತು: "ನಮ್ಮದು ನಿನ್ನೆ ಮುಗಿಯಿತು."

ನೀವು ದಾರಿ ಬಿಟ್ಟರೆ ಎರಡೂ ಠಾಣೆಗೆ ಹಿಟ್ಟು ತರುತ್ತೇವೆ ಎಂದೆ. ಇಮಾಮಸಾಬರು ಅಷ್ಟರಲ್ಲಿ ಹೇರಿನ ಹಗ್ಗ ಬಿಚ್ಚತೊಡಗಿದ್ದರು.

"ಹಂಗಾರ ಮೊದಲು ಇದನ್ನ ನೀವು ಒಯ್ರಿ. ನಮ್ಮ ಮಂದಿ ನಾಕು ದಿನ ತಡೀತಾರ."

ನಾನು ಬೆಚ್ಚಿದೆ. ನಾಲ್ಕೂ ಚೀಲ ಅವರಿಗೆ ಕೊಟ್ಟು, ಅವರು ತಿಂದು ದಾರಿ ಮುಚ್ಚಿಬಿಟ್ಟರೆ? "ಇಮಾಮಸಾಬ..." ಎಂದೆ.

"ಅಕ್ಕಾರ, ಹಸದಾಂವ ಹೊರಲಾರ. ದಾರಿ ಸುದ್ದ ಮಾಡೋರು ಯಾರ ಮತ್ತ?"

ಬೇಡ ಎನ್ನುವುದಕ್ಕೆ ನನ್ನಲ್ಲಿ ಕಾರಣವಿರಲಿಲ್ಲ, ಭಯವಿತ್ತು ಅಷ್ಟೇ. ಹೂಂ ಅಂದೆ. ಯೆರ್ಲಾನ್ ಚೀಲಗಳಲ್ಲೊಂದನ್ನು ತಾನೇ ಬೆನ್ನಿಗೆ ಹಾಕಿಕೊಂಡ. ಹೋಗುವಾಗ ಒಂದು ಮಾತೂ ಕೊಡಲಿಲ್ಲ.

ಮರುದಿನ ಏನೂ ಆಗಲಿಲ್ಲ. ದುರ್ಬೀನು ಹಿಡಿದು ಕೂತು ಕೂತು ನನ್ನ ಕಣ್ಣುಗಳು ಉರಿಯುತ್ತಿದ್ದವು. ಬ್ರಿಗೇಡಿಯರ್ ನನ್ನನ್ನು ಬೈಯಲಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚಾಯಿತು. ಮೂರನೆಯ ದಿನ ಮುಂಜಾನೆ ಎದುರು ಬೆಟ್ಟದ ಮೇಲೆ ಜನ ಕಂಡರು. ಅರವತ್ತು ಎಪ್ಪತ್ತು ಮಂದಿ, ಕೈಯಲ್ಲಿ ಗುದ್ದಲಿ, ಹಗ್ಗ. ತಮ್ಮ ಬಂಕರಿನ ಹಲಗೆಗಳನ್ನು ಕಿತ್ತು ತಂದು ಕಾಲುದಾರಿಯ ಕುಸಿದ ಜಾಗಗಳಿಗೆ ಹಾಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮೊದಲ ಹನ್ನೆರಡು ಹೇರು ಹೊರಟಿತು. ಪ್ರತಿ ಚೀಲವನ್ನೂ ಕವಲಿನಲ್ಲಿ ಎರಡು ಕಡೆಯವರೂ ಬಿಚ್ಚಿ ನೋಡುತ್ತಿದ್ದರು: ಹಿಟ್ಟು, ಕಾವುಗಟ್ಟಿ, ಔಷಧಿ, ಮತ್ತೇನೂ ಇಲ್ಲ. ಮೋಡ ಸರಿಯುವ ತನಕ, ಹನ್ನೊಂದು ದಿನ, ಹೀಗೆ ನಡೆಯಿತು. ಯಾರೂ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ತಮ್ಮ ಊಟ ನಡೆದು ಬರುವ ದಾರಿಯ ಮೇಲೆ ಗುಂಡು ಹಾರಿಸಲು ಎರಡೂ ಕಡೆ ಒಬ್ಬರೂ ಮುಂದಾಗಲಿಲ್ಲ.

ಎಲ್ಲರೂ ಉಳಿಯಲಿಲ್ಲ. ಮೊದಲ ಹೇರು ಮುಟ್ಟುವ ಮುಂಚೆ ನಮ್ಮ ಠಾಣೆಯಲ್ಲಿ ಮೂವರು ಚಳಿಗೆ ಸತ್ತಿದ್ದರು. ಹಸಿವಿಗಲ್ಲ, ಚಳಿಗೆ. ನಾನು ಸಹಿ ಮಾಡಿ ಕಳಿಸಿದ ಗುಂಡಿನ ಜಾಗದಲ್ಲಿ ಹತ್ತು ಪೆಟ್ಟಿಗೆ ಕಾವುಗಟ್ಟಿ ಹೋಗಿದ್ದರೆ ಅವರು ಇರುತ್ತಿದ್ದರು. ಮೂವರ ಮನೆಗೂ ನಾನೇ ಹೋದೆ. ಒಬ್ಬ ತಾಯಿ ಕೇಳಿದರು, "ನೀವು ಅವನನ್ನ ಕಂಡಿದ್ರೇನವ್ವಾ?" ಇಲ್ಲ ಎಂದೆ. ನಾನು ಕಂಡಿರಲಿಲ್ಲ. ನಡುಕಣಜದವರು ತುದಿಯವರನ್ನು ಕಾಣುವುದೇ ಇಲ್ಲ.

ವಿಚಾರಣೆ ನಡೆಯಿತು. ದೇಚಮ್ಮನವರಿಗೆ ಮುಂದೆ ಬಡ್ತಿ ಸಿಗಲಿಲ್ಲ. ಅವರು ಅದನ್ನು ಒಂದು ಸಲವೂ ಎತ್ತಿ ಆಡಲಿಲ್ಲ. ಯುದ್ಧ ಮತ್ತೆ ಹದಿನಾಲ್ಕು ತಿಂಗಳು ಬೇರೆಡೆ ನಡೆದು ನಿಂತಿತು, ಕೊರಕಿನಲ್ಲಿ ಮಾತ್ರ ಮತ್ತೆ ಗುಂಡು ಹಾರಲಿಲ್ಲ. ಸಂಧಾನಕ್ಕೆ ಕೂತಾಗ ಎರಡು ದೇಶಗಳೂ ಮೊದಲು ಕರೆಸಿದ್ದು ಆ ಕವಲಿನಲ್ಲಿ ಚೀಲ ಬಿಚ್ಚಿದವರನ್ನು. ಯೆರ್ಲಾನನನ್ನು ಅಲ್ಲಿ ನೋಡಿದೆ. ಮೈ ತುಂಬಿಕೊಂಡಿದ್ದ, ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಇಮಾಮಸಾಬರು ಎಲ್ಲಿ ಎಂದು ಮೊದಲು ಕೇಳಿದ. ಅವರು ನಿವೃತ್ತರಾಗಿ ಗದಗಿನಲ್ಲಿ ಬೆಕ್ಕು ಸಾಕಿಕೊಂಡಿದ್ದಾರೆ ಎಂದೆ. ಬೆಕ್ಕು ಎಂಬ ಮಾತಿಗೆ ನುಡಿಬಿಲ್ಲೆ ಏನು ಹೇಳಿತೋ, ಆತ ಗಟ್ಟಿಯಾಗಿ ನಕ್ಕ.

ಆ ಸಂಧಾನದಲ್ಲಿ ಹುಟ್ಟಿದ ಒಂದು ಪದ ಈಗ ನಮ್ಮ ಮಕ್ಕಳಿಗೂ ಗೊತ್ತು: ತಡೆಮಾತು. ದಾಳಿಯ ಯೋಜನೆ ಯಾವ ಮಟ್ಟದಲ್ಲೇ ಆಗಲಿ, ರಾಜಧಾನಿಯಲ್ಲಾಗಲಿ, ಸೀಮೆಯ ದಂಡಿನಲ್ಲಾಗಲಿ, ಠಾಣೆಯ ಡೇರೆಯಲ್ಲಾಗಲಿ, ಊಟ ಹೊರುವವರ ಪ್ರತಿನಿಧಿಯೊಬ್ಬರು ಅಲ್ಲಿರಬೇಕು. ಎಷ್ಟು ದಿನಕ್ಕಿದೆ ಎಂದು ಅವರು ಎಲ್ಲರೆದುರು ಹೇಳಬೇಕು. ಸಾಲದು ಎಂದು ಅವರು ಹೇಳಿದರೆ ಯೋಜನೆ ಅಲ್ಲಿಗೆ ನಿಲ್ಲುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ಹದಿನೇಳು ಸಲ ತಡೆಮಾತು ಬಂದಿದೆ. ಅದರಲ್ಲಿ ಏಳು ಯುದ್ಧಗಳು ಶುರುವೇ ಆಗಲಿಲ್ಲ. ನಾವು ನಿಮಗಿಂತ ಒಳ್ಳೆಯವರಾಗಿಬಿಟ್ಟೆವು ಎಂದು ತಿಳಿಯಬೇಡಿ. ಆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದನ್ನು ಕಲಿತೆವು, ಅಷ್ಟೇ.

ನಿಮ್ಮಲ್ಲಿ ನನ್ನದು ಒಂದೇ ವಿನಂತಿ. ನಾವು ಕಾಯ್ದಷ್ಟು ದಿನ ನೀವು ಕಾಯಬೇಡಿ. ನಕ್ಷೆಯ ಮೇಲೆ ಬಾಣದ ಗುರುತು ಎಳೆಯುವವರು ನಿಮ್ಮಲ್ಲಿಯೂ ಇದ್ದಾರೆ. ಅವರ ಪಕ್ಕದಲ್ಲಿ ಹೇರು ಕಟ್ಟುವವರಿಗೂ ಒಂದು ಕುರ್ಚಿ ಹಾಕಿ, ಅವರು ಬಾಯಿ ಬಿಡುವ ತನಕ ಸುಮ್ಮನಿರಿ. ಕೊರಕಿನ ಆ ಮೂವರ ಹೆಸರು ಇಲ್ಲಿ ಬರೆಯಬೇಕೆಂದಿದ್ದೆ, ಹಿಂದೋಲೆಯಲ್ಲಿ ಯುದ್ಧಕ್ಕೆ ಬಲಿಯಾದವರ ಹೆಸರು ಬರೆಯುವಂತಿಲ್ಲ ಎಂದು ಇಲ್ಲಿಯ ಗುಮಾಸ್ತೆ ಈಗಷ್ಟೇ ತಿಳಿಸಿದಳು. ಆದೀತು. ನಿಮ್ಮ ಕಾಲದಲ್ಲಿ ಅವರಿನ್ನೂ ಹುಟ್ಟಿಲ್ಲ. ಅವರ ಪಾಲಿಗೆ ಇನ್ನೂ ಯಾರೂ ತಡಮಾಡಿಲ್ಲ.

ಇಂತು,
ನೀಲಗಂಗಾ ತೇರದಾಳ