ನಿನ್ನ ಬರಹದಲ್ಲಿ ನಾನು ಗೆರೆ ಎಳೆದ ಸಾಲು

ಗುಬ್ಬೀ,

ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಕೂತು ಉಣ್ಣು. ನಿಂತುಕೊಂಡೇ ಎರಡು ತುತ್ತು ನುಂಗಿ ಓಡಬೇಡ.

ಇವತ್ತು ಬರವಣಿಗೆ ತರಗತಿಗೆ ಕೊಡಬೇಕಾದ ನಿನ್ನ ಹಾಳೆಗಳು ಮೇಜಿನ ಮೇಲಿವೆ. "ರಸಾಯನಶಾಸ್ತ್ರ ಓದೋಳಿಗೆ ಇದು ಬರೀ ಉಪವಿಷಯ ಅಜ್ಜಿ, ಸುಮ್ನೆ ಓದಿ ತಪ್ಪಿದ್ದ ಕಡೆ ಗೆರೆ ಎಳಿ" ಅಂದಿದ್ದೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು, ಕಾಲೇಜಿನವರ ಬರಹ ತಿದ್ದುವಷ್ಟು ದೊಡ್ಡವಳಲ್ಲ. ಆದರೂ ಒಂದು ಸಾಲಿಗೆ ಗೆರೆ ಎಳೆದಿದ್ದೇನೆ.

'ಅಮ್ಮ ಹೋಗುವಾಗ ನನ್ನನ್ನು ಕೇಳಲೂ ಇಲ್ಲ' ಎಂದು ಬರೆದಿದ್ದೀಯ. ಅದು ಸುಳ್ಳು ಕಂದಾ. ಕೇಳಿದಳು. ಆ ಮಧ್ಯಾಹ್ನ ನೀನು ಪರೀಕ್ಷೆ ಮುಗಿಸಿ ಬಂದು ಪಕ್ಕದ ಕೋಣೆಯಲ್ಲಿ ಮಲಗಿದ್ದೆ. "ಅವಳನ್ನ ಕರಿ ಅಮ್ಮಾ" ಅಂತ ಎರಡು ಸಲ ಅಂದಳು. "ಈಗ ತಾನೆ ಕಣ್ಣು ಮುಚ್ಚಿದ್ದಾಳೆ, ಒಂದು ಗಳಿಗೆ ತಡಿ" ಅಂದೆ. ಸಂಜೆಯವರೆಗಾದರೂ ಜೀವ ಹಿಡಿದಿರುತ್ತಾಳೆ ಅಂದುಕೊಂಡಿದ್ದೆ. ನನ್ನ ಮಗಳು ಅಷ್ಟು ಹೊತ್ತು ಕಾಯಲಿಲ್ಲ.

ಎರಡು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ನಿನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ನೀನು ಅವಳ ಮೇಲೆ ಮುನಿಸಿಕೊಂಡೇ ಬೆಳೆಯುವುದು ಬೇಡ, ಆ ಮುನಿಸು ನನ್ನ ಮೇಲಿರಲಿ. ಸಾಲು ತಿದ್ದಿಯೇ ಕೊಡು. ಎಬ್ಬಿಸದೆ ಬಿಟ್ಟವಳು ಅಜ್ಜಿ ಎಂದೂ ಬರೆ.

ಆರು ಗಂಟೆಗೆ ಬರುತ್ತೇನೆ. ನನ್ನ ಜೊತೆ ಮಾತು ಬೇಡ ಅನಿಸಿದರೆ ಬೇಡ. ಬಾಗಿಲಿನ ಚಿಲಕ ಮಾತ್ರ ತೆಗೆದಿಟ್ಟಿರು.

ಅಜ್ಜಿ