ನೀಲಾ ಶೇಂಗಾ ತಿಂದ ಗುರುವಾರ

ಅನಗೋಳ, ಬೆಳಗಾವಿ
17-2-2001, ಶನಿವಾರ

ಪ್ರೀತಿಯ ಪ್ರಮಿಳಾ,

ಅತ್ತೆಯ ಆಶೀರ್ವಾದ. ಜನಗಣತಿಗೆಂದು ಮನೆ ಮನೆ ತಿರುಗಿ ಕಾಲು ಬಾತಿರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ನೀಲಾ ಆರಾಮಾಗಿದ್ದಾಳೆ, ನನ್ನ ಬಾಜು ಕೂತು ಗಂಜಿ ಕುಡಿಯುತ್ತಿದ್ದಾಳೆ. ಖಾನಾಪುರದ ನಿನ್ನ ಶಾಲೆಗೆ ಫೋನ್ ಮಾಡಿಸಿದೆವು, ನೀನು ಕಾಡಿನ ಹಳ್ಳಿಗಳಿಗೆ ಹೋಗಿರುವೆ ಎಂದರು.

ಗುರುವಾರ ಮಧ್ಯಾಹ್ನ ನೀಲಾ ಬರೀ ಮೊಸರಲ್ಲಿ ರೊಟ್ಟಿ ಒಲ್ಲೆನೆಂದು ಹಟ ಹಿಡಿದಳು. ನನ್ನ ತಾಟಿನ ಶೇಂಗಾ ಚಟ್ನಿ ಹಚ್ಚಿ ಎರಡು ತುತ್ತು ತಿನ್ನಿಸಿದೆ. ಶೇಂಗಾ ಕೊಡಬೇಡಿರೆಂದು ನೀನು ಹೋಗುವಾಗ ಎರಡು ಸಲ ಹೇಳಿದ್ದೆ. ಹಿಂದೊಮ್ಮೆ ಶೇಂಗಾ ಚಿಕ್ಕಿ ತಿಂದು ಅವಳ ತುಟಿ ಬಾತಿದ್ದನ್ನೂ ಹೇಳಿದ್ದೆ. ನಾಲ್ಕು ಮಕ್ಕಳನ್ನು ಶೇಂಗಾ ತಿನ್ನಿಸಿಯೇ ಬೆಳೆಸಿದ ನನಗೆ ಅದು ಕಲಿತ ಸೊಸೆಯ ಅತಿ ಶಾಣ್ಯಾತನ ಅನ್ನಿಸಿತ್ತು.

ತಾಟು ತೊಳೆಯುವಷ್ಟರಲ್ಲಿ ಮೈತುಂಬ ಕೆಂಪು ದದ್ದು ಎದ್ದವು, ತುಟಿ ಬಾತಿತು, ಕೆಮ್ಮು ಹತ್ತಿತು. “ಆಯಿ, ಗಂಟಲದಾಗ ಏನೋ ಸಿಕ್ಕೈತಿ” ಅಂದವಳ ದನಿ ಒಡೆದಿತ್ತು. ನಾನು ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ನಿಂತೆ. ಅಷ್ಟರಲ್ಲಿ ಬಾಜು ಮನೆಯ ಬಿಲ್ಕೀಸ, ಕ್ಯಾಂಪಿನ ದವಾಖಾನೆಯಲ್ಲಿ ನರ್ಸ್ ಇದ್ದಾಳಲ್ಲ, ಕೆಮ್ಮು ಕೇಳಿ ಒಳಗೆ ಬಂದಳು. “ಇದು ದೃಷ್ಟಿ ಅಲ್ರಿ ಅವ್ವಾರ, ಉಸಿರು ಕಟ್ಟಾಕತ್ತೈತಿ. ಏನ್ ತಿನಿಸಿದ್ರಿ, ಖರೇ ಹೇಳ್ರಿ” ಅಂದಳು. “ಏನೂ ತಿನಿಸಿಲ್ಲ” ಅಂದೆ. ಪ್ರಮಿಳಾ, ಆ ಹೊತ್ತಿನಲ್ಲೂ ಸುಳ್ಳು ಹೇಳಿದೆ.

ಅವಳು ಮಗುವನ್ನು ನಡೆಸಗೊಡದೆ ಎತ್ತಿಕೊಂಡು ಆಟೋ ಹತ್ತಿದಳು. ದಾರಿಯಲ್ಲಿ ನೀಲಾಳ ಕತ್ತು ವಾಲಿತು. ಆಗ ಬಾಯಿ ಬಿಟ್ಟೆ: “ಶೇಂಗಾ ಚಟ್ನಿ ತಿನಿಸೀನಿ.” ದವಾಖಾನೆಯ ಬಾಗಿಲಲ್ಲೇ ಬಿಲ್ಕೀಸ ಅದನ್ನು ಕೂಗಿ ಹೇಳಿದಳು. ಡಾಕ್ಟರು ತಡ ಮಾಡದೆ ತೊಡೆಗೆ ಇಂಜೆಕ್ಷನ್ ಮಾಡಿ ಆಕ್ಸಿಜನ್ ಹಚ್ಚಿದರು. ಹತ್ತು ನಿಮಿಷಕ್ಕೆ ನೀಲಾ ಅತ್ತಳು. ಇಳಿದ ಬಾವು ಮತ್ತೆ ಏರಬಹುದೆಂದು ಶುಕ್ರವಾರದವರೆಗೆ ಇರಿಸಿಕೊಂಡರು. ಇನ್ನೊಮ್ಮೆ ಹೀಗಾದರೆ ಮನೆಮದ್ದು, ಗುಳಿಗೆ ಎಂದು ಹೊತ್ತು ಕಳೆಯದೆ ಆ ಇಂಜೆಕ್ಷನ್ ಇರುವಲ್ಲಿಗೆ ಓಡಬೇಕಂತೆ.

ಸುದ್ದಿ ತಿಳಿದು ನಿನ್ನ ಗಂಡ ರಾಮಲಿಂಗ ಫೌಂಡ್ರಿಯಿಂದ ಓಡಿ ಬಂದ. ಹೆತ್ತವ್ವನೆಂದು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಎರಡು ದಿನದಿಂದ ನಿದ್ದೆಯಿಲ್ಲ. ಅಡಿಗೆಗೆ ನಿಂತರೆ ಯಾವ ಡಬ್ಬಿ ಮುಟ್ಟಲೂ ಕೈ ಬರುತ್ತಿಲ್ಲ.

ಮೈ ಕಡೆ ನಿಗಾ ಇರಲಿ, ಮಗಳೇ.

ನಿನ್ನ ಅತ್ತೆ,
ಪದ್ಮವ್ವ

ತಾ.ಕ.: ನಮ್ಮ ಓಣಿಯ ಸಿದರಾಯ ಖಾನಾಪುರದ ಬಸ್ಸಿಗೆ ಹೊರಟು ನಿಂತಿದ್ದಾನೆ, ಅವನ ಕೈಯಲ್ಲೇ ಕೊಡುತ್ತೇನೆ. ನೀಲಾಳನ್ನು ಇನ್ನು ನನ್ನ ಹತ್ತಿರ ಬಿಡಲು ಮನಸ್ಸಾಗದಿದ್ದರೆ ಕರೆದುಕೊಂಡು ಹೋಗು, ನಾನು ಅಡ್ಡ ಬರುವುದಿಲ್ಲ. ಬಿಡುವ ಮನಸ್ಸಿದ್ದರೆ, ಅವಳಿಗೆ ಏನೇನು ಕೊಡಬಾರದು ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದು ಕಳಿಸು. ಈ ಸಲ ಯಾಕೆಂದು ಕೇಳುವುದಿಲ್ಲ.